ದಿನಕ್ಕೊಂದು ಉಸಿರು

ಕಾಳಯ್ಯನವರು ಲಿಂಗೈಕ್ಯರಾಗಿ ಎರಡು ತಿಂಗಳಾದ ಮೇಲೆ, ಅವರ ಸಮಾಧಿ ಉಸಿರಾಡುತ್ತಿದೆ ಎಂದು ಮೊದಲು ಕಂಡುಕೊಂಡವರು ಅವರ ಹೆಂಡತಿ ಚನ್ನಾಜಮ್ಮ. ಬೇರೆ ಯಾರ ಮಗನಾದರೂ ಅವ್ವನ ಈ ಮಾತಿಗೆ ನಕ್ಕುಬಿಡುತ್ತಿದ್ದ, ಇಲ್ಲವೇ ಅಳುತ್ತಿದ್ದ. ಅವರ ಮಗ ನಂಜುಂಡೇಶನಿಗೆ ಎರಡೂ ಆಗಲಿಲ್ಲ.

ಊಟಿ ಬಳಿಯ ತುಮ್ಮನಟ್ಟಿಯ ಹೊರಗೆ, ಅವರ ಕ್ಯಾರೆಟ್ ಪಾತಿಗಳ ಮೇಲುಗಡೆ, ಇಳಿಜಾರಿನಲ್ಲಿ ಸಮಾಧಿ. ಅಲ್ಲಿ ಮೂರಡಿ ಅಗೆದರೆ ಬಂಡೆ ಸಿಗುತ್ತದೆ. ಹಾಗಾಗಿ ದಿಬ್ಬದ ಒಡಲಿಗೇ ಗೂಡು ಕೊರೆದು, ಪದ್ಧತಿಯಂತೆ ಕಾಳಯ್ಯನವರನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಸುತ್ತ ಎದೆಮಟ್ಟ ವಿಭೂತಿ ಉಂಡೆ ತುಂಬಿ, ಮುಂದೆ ಒಂದು ಕರೀ ಚಪ್ಪಡಿ ನಿಲ್ಲಿಸಿ ಮಣ್ಣು ಮೆತ್ತಿದ್ದರು. ನವೆಂಬರಿನ ಮಳೆಗೆ ಮೂಲೆಯ ಮಣ್ಣು ಕೊಚ್ಚಿಹೋಗಿ ಬೆರಳು ಹೋಗುವಷ್ಟು ಸಂದು ಬಿದ್ದಿತ್ತು.

ಜನವರಿ ಬಂತು. ರಾತ್ರಿಯೆಲ್ಲ ಮಂಜು ಹೆಪ್ಪುಗಟ್ಟಿ ಹುಲ್ಲು ಬೆಳ್ಳಗಾಗುವ ಕಾಲ. ಬೆಳಿಗ್ಗೆ ಚನ್ನಾಜಮ್ಮ ಊದುಬತ್ತಿ ಹಚ್ಚಿಟ್ಟರೆ ಹೊಗೆ ಮೇಲಕ್ಕೇರುವ ಬದಲು ಓರೆಯಾಗಿ ಬಾಗಿ, ಎಳೆ ಮುರಿಯದೆ, ಸಂದಿನೊಳಕ್ಕೆ ಹೋಗುತ್ತಿತ್ತು. ಮಧ್ಯಾಹ್ನ ಚಪ್ಪಡಿ ಕೈ ಸುಡುವಷ್ಟು ಕಾದಾಗ ಅದೇ ಸಂದಿನಿಂದ ಗಾಳಿ ಹೊರಗೆ ಬಂದು ಅವರ ಕೆನ್ನೆಗೆ ತಾಕುತ್ತಿತ್ತು.

"ಬೆಳಿಗ್ಗೆ ಒಳಕ್ಕೆಳಕೊತಾರೆ, ಮಧ್ಯಾಹ್ನ ಬುಡ್ತಾರೆ," ಎಂದರು ಚನ್ನಾಜಮ್ಮ, ಮಗನಿಗೆ ರಾಗಿ ಮುದ್ದೆ ಬಡಿಸುತ್ತ. "ದಿನಕ್ಕೊಂದೇ ಉಸಿರು ಕಣ್ಲಾ. ಬದುಕಿದ್ದಾಗ ಉಬ್ಬಸದಲ್ಲಿ ಎಷ್ಟು ಎಳೆದ್ರೂ ಸಾಲ್ತಿರ್ನಿಲ್ಲ. ಈಗ ಒಂದ್ರಲ್ಲೇ ತೃಪ್ತಿ ಆಗದೆ."

ನಂಜುಂಡೇಶ ಮುದ್ದೆ ಮುರಿಯಲಿಲ್ಲ. ಬೆಳಿಗ್ಗೆ ಎಳೆದುಕೊಂಡು ಮಧ್ಯಾಹ್ನ ಬಿಡುವ ವಸ್ತು ಯಾವುದೆಂದು ಆ ಮನೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅದನ್ನು ಅಪ್ಪನ ಸುತ್ತ ತುಂಬಿದವನೂ ಅವನೇ.

ಅದು ಹೇಗಾಯಿತೆಂದು ಹೇಳಿಬಿಡುತ್ತೇನೆ, ಮುಚ್ಚಿಡುವುದನ್ನು ನಂಜುಂಡೇಶ ಬೇಕಾದಷ್ಟು ಮಾಡಿದ್ದಾನೆ. ಅವರ ಮನೆತನ ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಬಂದು ಮೂರು ತಲೆಮಾರಾಗಿತ್ತು. ತರಕಾರಿ ಬೆಳೆಯುವುದು ಹೊಟ್ಟೆಪಾಡು. ಆದರೆ ಕಾಳಯ್ಯನವರ ಮರ್ಯಾದೆ ಇದ್ದದ್ದು ವಿಭೂತಿಯಲ್ಲಿ. ಬೆರಣಿ ಸುಟ್ಟು, ಬೂದಿಯನ್ನು ಬಟ್ಟೆಯಲ್ಲಿ ಏಳು ಸಲ ಸೋಸಿ, ನೀರಲ್ಲಿ ಕಲಸಿ, ಗಂಡ ಹೆಂಡತಿ ಜಗಲಿ ಮೇಲೆ ಎದುರುಬದುರು ಕೂತು ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟುತ್ತಿದ್ದರು. ಸುತ್ತಲಿನ ಲಿಂಗಾಯತರ ಮನೆಗಳಲ್ಲಿ ಯಾರು ಹೋದರೂ ಅವರ ಕೊನೆಯ ವಿಭೂತಿ ಹೋಗುತ್ತಿದ್ದದ್ದು ಈ ಜಗಲಿಯಿಂದಲೇ. ತಮಗೆಂದು ಕಾಳಯ್ಯನವರು ಎರಡು ಮೂಟೆ ಬೇರೆ ಕಟ್ಟಿ ಅಟ್ಟದ ಮೇಲಿಟ್ಟಿದ್ದರು. "ನನ್ನ ದಿನಕ್ಕೆ ನೀನು ಅವರಿವರ ಮನೆಗೆ ಓಡಬಾರ್ದು," ಎಂದು ಮಗನಿಗೆ ತೋರಿಸಿಯೂ ಇದ್ದರು.

ನಂಜುಂಡೇಶ ಕೂಕಲ್ತೊರೈ ದಾರಿಯಲ್ಲಿ ಮುಚ್ಚಿಹೋದ ಟೀ ಫ್ಯಾಕ್ಟರಿಯೊಂದರಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದ. ಅಲ್ಲೀಗ ಎಲೆ ಬಾಡಿಸುತ್ತಿರಲಿಲ್ಲ. ವಿಶ್ವನಾಥ್ ಎಂಬ ವಿಜ್ಞಾನಿ ನಾಲ್ಕೈದು ಜನರನ್ನಿಟ್ಟುಕೊಂಡು ಗಾಳಿ ಹಿಡಿಯುತ್ತಿದ್ದರು. ನಾವು ಉಸಿರಾಡಿ ಬಿಡುವ, ಸೌದೆ ಉರಿದಾಗ ಏಳುವ ಇಂಗಾಲದ ಗಾಳಿ ಇದೆಯಲ್ಲ, ಅದನ್ನು ಮಾತ್ರ ಆರಿಸಿ ಎಳೆದುಕೊಳ್ಳುವ ಬಿಳೀ ಗುಂಡುಗಳನ್ನು ತಯಾರಿಸುವುದು ಅವರ ಕೆಲಸ. ಗುಂಡು ತಣ್ಣಗಿದ್ದರೆ ಎಳೆಯುತ್ತದೆ, ಬೆಚ್ಚಗಾದರೆ ಬಿಡುತ್ತದೆ. ಬಿಟ್ಟದ್ದನ್ನು ಕೊಳವೆಯಲ್ಲಿ ಹಿಡಿದು, ಇನ್ನೊಂದು ಅನಿಲ ಬೆರೆಸಿ, ಬಿಸಿ ಉಕ್ಕಿನ ಡಬ್ಬಿಯೊಂದರಲ್ಲಿ ಹಾಯಿಸಿದರೆ ಆ ಕಡೆಯಿಂದ ನೀರಿನಂಥ ಸ್ಪಿರಿಟ್ ತೊಟ್ಟಿಕ್ಕುತ್ತಿತ್ತು. ಗಾಳಿ ಹೋಗಿ ಉರಿಯುವ ಎಣ್ಣೆಯಾಗುವುದನ್ನು ನಂಜುಂಡೇಶ ಮೊದಲ ಸಲ ಕಂಡಾಗ ಕೈಮುಗಿದಿದ್ದ.

ಗುಂಡಿನ ಒಡಲಿಗೆ ಯಾವ ಪುಡಿ ಒಳ್ಳೆಯದೆಂದು ವಿಶ್ವನಾಥ್ ಸುಣ್ಣ, ಜೇಡಿ, ಕಲ್ಲುಪುಡಿ ಎಲ್ಲ ಹಾಕಿ ನೋಡಿ ಸೋತಿದ್ದರು. ನಂಜುಂಡೇಶನ ಕೆಲಸ ಖಾಯಂ ಆಗಿರಲಿಲ್ಲ, ಸಾಹೇಬರ ಕಣ್ಣಿಗೆ ಬೀಳಬೇಕಿತ್ತು. ಬಾಯಿ ತಡೆಯದೆ ಅಂದ: "ಸಾರ್, ನಮ್ಮಪ್ಪನ ವಿಭೂತಿಯಷ್ಟು ನುಣ್ಣಗಿರೋದು ಎಲ್ಲೂ ಸಿಕ್ಕಲ್ಲ." ಮಾರನೆಯ ವಾರ ಅಪ್ಪ ಸಂತೆಗೆ ಹೋದಾಗ ಎರಡೂ ಮೂಟೆ ಇಳಿಸಿ ಫ್ಯಾಕ್ಟರಿ ಜೀಪಿಗೆ ಹಾಕಿದ. ಮತ್ತೆ ಮಾಡಿದರಾಯಿತು, ಅಪ್ಪ ಗಟ್ಟಿಯಾಗಿದ್ದಾರೆ ಎಂಬುದು ಅವನ ಲೆಕ್ಕಾಚಾರ. ವಿಶ್ವನಾಥ್ ಅದನ್ನು ಪುಡಿಮಾಡಿ, ಮೀನು ನಾತದ ಒಂದು ರಸದಲ್ಲಿ ನೆನೆಸಿ, ಮತ್ತೆ ಅದೇ ಗಾತ್ರದ ಗುಂಡು ಕಟ್ಟಿಸಿದರು. ಅಂಥ ಗುಂಡು ಆ ಫ್ಯಾಕ್ಟರಿಯಲ್ಲಿ ಅದಕ್ಕೆ ಮುಂಚೆ ಆಗಿರಲಿಲ್ಲ. "ಇದರ ಹಸಿವು ನೋಡ್ರೀ, ನಂಜುಂಡೇಶ!" ಎಂದು ಅವರು ಬೆನ್ನು ತಟ್ಟಿದ ದಿನ ಅವನು ಮನೆಗೆ ಹಾರಿಕೊಂಡು ಬಂದಿದ್ದ. ಕೆಲಸ ಖಾಯಂ ಆಯಿತು.

ಆರು ತಿಂಗಳೂ ಆಗಲಿಲ್ಲ. 2006ರ ನವೆಂಬರಿನ ಮಳೆಯಲ್ಲಿ ಕಾಳಯ್ಯನವರು ಉಬ್ಬಸದಿಂದ ಹೋಗಿಬಿಟ್ಟರು. ಮಳೆಗೆ ಬೆರಣಿ ಒಣಗದೆ ಮನೆಯಲ್ಲಿ ಬೇರೆ ವಿಭೂತಿ ಇರಲಿಲ್ಲ, ಘಟ್ಟದ ರಸ್ತೆ ಕುಸಿದು ನಂಜನಗೂಡು ಕಡೆಯಿಂದ ತರಿಸುವಂತೆಯೂ ಇರಲಿಲ್ಲ. "ಅಟ್ಟದ ಮೇಲಿಂದ ಅವರ ಮೂಟೆ ಇಳಿಸು ಕಣ್ಲಾ," ಎಂದರು ಚನ್ನಾಜಮ್ಮ, ಹೆಣದ ಪಕ್ಕ ಕೂತು. ನಂಜುಂಡೇಶ ಅಟ್ಟ ಹತ್ತಿ, ಖಾಲಿ ಹಲಗೆ ನೋಡಿ, ಇಳಿದು, ಯಾರಿಗೂ ಹೇಳದೆ ಫ್ಯಾಕ್ಟರಿಗೆ ಓಡಿದ. ಗೋದಾಮಿನಿಂದ, ಈಗ ಗುಂಡಾಗಿದ್ದ ಅದೇ ಎರಡು ಮೂಟೆ ಹೊತ್ತು ತಂದ. ಅಪ್ಪನದೇ ವಿಭೂತಿ ತಾನೇ, ಅಪ್ಪನ ಸುತ್ತಲೇ ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಮನುಷ್ಯ ತನಗೆ ತಾನು ಹೇಳಿಕೊಳ್ಳುವ ಸುಳ್ಳಿನಷ್ಟು ಸಲೀಸಾಗಿ ಇನ್ನಾವುದೂ ನಂಬಿಸುವುದಿಲ್ಲ. ಜಂಗಮರು ಮಂತ್ರ ಹೇಳಿದರು, ಅವ್ವ ಒಂದೊಂದೇ ಉಂಡೆ ಕೈಯಾರೆ ಇಟ್ಟರು, ಯಾರೋ "ಏನೋ ನಾತ" ಎಂದದ್ದಕ್ಕೆ ಮಳೆ ನೀರಿನ ಕೊಳೆ ಎಂದು ನಂಜುಂಡೇಶ ಬಾಯಿ ಮುಚ್ಚಿಸಿದ. ಫ್ಯಾಕ್ಟರಿಯ ಪುಸ್ತಕದಲ್ಲಿ "ತೇವ ಬಂದು ಕೆಟ್ಟಿದೆ, ಎಸೆಯಲಾಗಿದೆ" ಎಂದು ಬರೆದ.

ಈಗ ಆ ಗುಂಡುಗಳು ಅಪ್ಪನ ಸುತ್ತ ಕೂತು ರಾತ್ರಿಯ ಚಳಿಗೆ ಎಳೆಯುತ್ತಿದ್ದವು, ಹಗಲ ಬಿಸಿಲಿಗೆ ಬಿಡುತ್ತಿದ್ದವು. ಅಷ್ಟೇ, ಬೇರೇನಿಲ್ಲ, ಎಂದು ನಂಜುಂಡೇಶ ದಿನಕ್ಕೆ ಹತ್ತು ಸಲ ಹೇಳಿಕೊಂಡ. ಆದರೂ ಒಂದು ಬೆಳಿಗ್ಗೆ ಅವ್ವ ಬರುವ ಮುಂಚೆ ಹೋಗಿ ಸಂದಿಗೆ ಕಿವಿಯಿಟ್ಟಾಗ ಒಳಗೆ ಸಣ್ಣ ಸಿಳ್ಳೆಯಂಥ ಎಳೆತ ಕೇಳಿಸಿತು. ಎರಡು ಸಲ ಗಿಡ್ಡಗೆ, ತಡೆದು, ಆಮೇಲೆ ಉದ್ದಕ್ಕೆ. ಅಪ್ಪ ಬದುಕಿದ್ದಾಗ ಪಕ್ಕದ ಕೋಣೆಯಿಂದ ಮೂವತ್ತು ವರ್ಷ ಕೇಳಿದ ಸದ್ದು. ಅವನು ಎದ್ದು ಕ್ಯಾರೆಟ್ ಪಾತಿ ತುಳಿದುಕೊಂಡೇ ಓಡಿದ.

ಚನ್ನಾಜಮ್ಮನವರ ಮುಕ್ಕಾಲು ದಿನ ಅಲ್ಲೇ ಕಳೆಯತೊಡಗಿತು. ಬೆಳಿಗ್ಗೆ ಸಂದಿಗೆ ಮುಖವಿಟ್ಟು ಕೂತರೆ ಮಧ್ಯಾಹ್ನದ ಮೇಲೆ ಏಳುವರು. ತಿಂಗಳೊಪ್ಪತ್ತಿನಲ್ಲಿ ಮನುಷ್ಯೆ ಇಳಿದುಹೋದರು. ತುಟಿ ನೀಲಿ, ಮಾತಿನ ನಡುವೆ ತೂಕಡಿಕೆ, ನಾಲ್ಕು ಹೆಜ್ಜೆಗೆ ಏದುಸಿರು. ಊಟಿಯ ಡಾಕ್ಟರು ಎದೆ ನೋಡಿ, ಹೊಗೆ ಮನೆಯಲ್ಲಿ ಮಲಗಿಸಬೇಡಿ ಎಂದು ಕಳಿಸಿದರು.

"ನೀವು ಒಂದು ಮಾತು ಹೇಳ್ರೀ," ಎಂದಳು ನಂಜುಂಡೇಶನ ಹೆಂಡತಿ ರಮ್ಯಾ. "ಅತ್ತೆ ನನ್ನ ಮಾತು ಕೇಳಲ್ಲ. ಹಿಂಗೇ ಬುಟ್ರೆ ಒಂದಿನ ಆ ಕಲ್ಲಿಗೆ ಒರಗಿದವರು ಏಳಲ್ಲ."

ಹೇಳಬೇಕಾದ ಮಾತು ಒಂದೇ ಇತ್ತು, ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವನು ಮಾಡಿದ. ಸಂಜೆ ಹೋಗಿ ಸಂದಿಗೆ ಗಟ್ಟಿ ಮಣ್ಣು ಮೆತ್ತಿದ. ಬೆಳಿಗ್ಗೆ ನೋಡಿದರೆ ಮಣ್ಣಿನ ನಟ್ಟನಡುವೆ ತೂತು, ಮಣ್ಣು ಒಳಗಡೆಗೆ ಬಿದ್ದಿತ್ತು. ಚನ್ನಾಜಮ್ಮ ಅಳುತ್ತ ಶಪಿಸಿದರು: "ಅವರ ಮೂಗಿಗೆ ಮಣ್ಣು ಮೆತ್ತಿದ ಕೈ ಯಾವುದೋ ಪಾಪಿದು!"

ಫ್ಯಾಕ್ಟರಿಯಲ್ಲಿ ವಿಶ್ವನಾಥ್ ಅವರನ್ನು ಸುತ್ತಿ ಬಳಸಿ ಕೇಳಿದ, "ಸಾರ್, ಆ ಹಳೇ ಗುಂಡು ಎಲ್ಲಾದ್ರೂ ಬಿದ್ದಿದ್ರೆ, ತಾನಾಗೇ ಯಾವಾಗ ನಿಲ್ಲುತ್ತೆ?"

"ಅದಾ? ವರ್ಷಗಟ್ಟಲೆ ನಿಲ್ಲಲ್ಲ," ಎಂದರು ಅವರು, ಕನ್ನಡಕ ಒರೆಸುತ್ತ. "ಹಾಗೇನಾದ್ರೂ ಇದ್ರೆ ಇಕ್ಕಟ್ಟು ಜಾಗದಲ್ಲಿ ಇಡಬೇಡಿ. ಬಿಸಿಯಾದಾಗ ಬಿಡುತ್ತಲ್ಲ, ಆ ಗಾಳಿಗೆ ಮುಖ ಕೊಟ್ಟವರು ನಿದ್ದೆ ಹೋದ ಹಾಗೇ ಹೋಗ್ತಾರೆ. ನೋವೂ ಇಲ್ಲ, ಕೂಗೂ ಇಲ್ಲ."

ಅವತ್ತು ಬಿಸಿಲು ಯದ್ವಾತದ್ವಾ ಇತ್ತು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ದಾಟಿದ್ದು ನೋಡಿ ನಂಜುಂಡೇಶ ಹೊರಗೆ ಓಡಿದ. ಜೀಪಿನವನನ್ನು ಬೇಡಿ ಹತ್ತಿದ. ಪಾತಿಗಳ ಕೆಳಗಿಂದಲೇ ಕಂಡಿತು: ಕರೀ ಚಪ್ಪಡಿ, ಅದಕ್ಕೆ ಅಂಟಿಕೊಂಡ ಅವ್ವನ ಬಿಳೀ ಸೀರೆ, ಅಲುಗಾಟವಿಲ್ಲ. ಸುತ್ತ ಹಕ್ಕಿ ಸದ್ದು ಕೂಡ ಇರಲಿಲ್ಲ. ಹತ್ತಿರ ಹೋದಾಗ ಸಂದಿನಿಂದ ಉಗುರುಬೆಚ್ಚಗೆ ಗಾಳಿ ಬರುತ್ತಿತ್ತು, ಅದರಲ್ಲಿ ಮೀನು ನಾತ, ಅಪ್ಪನ ಉಬ್ಬಸದ ಕಷಾಯದ ವಾಸನೆಯೂ ಇದ್ದಂತಿತ್ತು. ಅವ್ವನನ್ನು ಎತ್ತಿಕೊಂಡು ಇಳಿಜಾರಿನ ಗಾಳಿಗೆ ತಂದು ಮಲಗಿಸಿ, ಕೆನ್ನೆ ತಟ್ಟಿ, ಅವ್ವಾ ಅವ್ವಾ ಎಂದು ಕೂಗಿದ. ಬಹಳ ಹೊತ್ತಾದ ಮೇಲೆ ಅವರು ಒಂದು ಉಸಿರು ಎಳೆದರು. ಆಗ ನಂಜುಂಡೇಶ ಮಗುವಿನ ಹಾಗೆ ಅಳುತ್ತ ಎಲ್ಲವನ್ನೂ ಹೇಳಿಬಿಟ್ಟ. ಅಟ್ಟದ ಮೂಟೆ, ಖಾಯಂ ಕೆಲಸ, ಮೀನು ನಾತದ ರಸ, ಮಳೆಯಲ್ಲಿ ಓಡಿದ್ದು, ಏನನ್ನೂ ಉಳಿಸಿಕೊಳ್ಳಲಿಲ್ಲ.

ಚನ್ನಾಜಮ್ಮ ಆಕಾಶ ನೋಡುತ್ತ ಕೇಳಿಸಿಕೊಂಡರು.

"ಗೊತ್ತು ಕಣ್ಲಾ," ಎಂದರು ಕೊನೆಗೆ. "ನಲವತ್ತು ವರ್ಷ ಉಂಡೆ ಕಟ್ಟಿದ ಕೈ ಇದು. ಅವತ್ತು ಮೊದಲ ಉಂಡೆ ಹಿಡಿದಾಗಲೇ ಗೊತ್ತಾಯ್ತು. ವಿಭೂತಿ ಕೈಲಿ ಸುಮ್ಕೆ ಕೂತ್ಕೊತದೆ. ಇದು ಚರ್ಮ ಎಳೀತಿತ್ತು."

"ಗೊತ್ತಿದ್ದೂ ಯಾಕವ್ವಾ..."

"ಜನರ ಮುಂದೆ ನಿನ್ನ ಮಾನ ಕಳೀಲಾ? ನೀನಾಗೇ ಹೇಳ್ತೀಯ ಅಂತ ಕಾದೆ." ಅವರು ಏದುಸಿರು ಬಿಟ್ಟು ಸುಧಾರಿಸಿಕೊಂಡರು. "ಅವು ಹಸಿದಿರೋವು ನಂಜುಂಡ. ದಿನಾ ಬೆಳಿಗ್ಗೆ ಎಳೀತವೆ. ಒಳಗೆ ನಿಮ್ಮಪ್ಪ ಒಬ್ಬರೇ. ಅವರದ್ನ ತಿನ್ನೋ ಬದಲು ನನ್ನದ್ನ ತಿನ್ಲಿ ಅಂತ ಬಾಯಿಟ್ಟು ಊದ್ತಾ ಇದ್ದೆ. ಒಂದು ತಿಂಗಳಿಂದ ಅವಕ್ಕೆ ನಾನೇ ಉಣ್ಣಿಸಿರೋದು."

ಅವ್ವ ಉಸಿರು ಕುಡಿಯುತ್ತಿದ್ದಾರೆಂದು ನಂಜುಂಡೇಶ ತಿಳಿದಿದ್ದ. ಅವರು ಕೊಡುತ್ತಿದ್ದರು.

ಜಂಗಮರಿಗೆ ತಪ್ಪೊಪ್ಪಿಕೊಂಡು ಸಮಾಧಿ ತೆರೆಯಲು ಅಪ್ಪಣೆ ಪಡೆದದ್ದಾಯಿತು. ಚನ್ನಾಜಮ್ಮ ಜಗಲಿಯಲ್ಲಿ ಒಬ್ಬರೇ ಕೂತು, ನಡುನಡುವೆ ನಿಲ್ಲಿಸಿ ಉಸಿರು ಹಿಡಿದುಕೊಳ್ಳುತ್ತ, ಹೊಸ ಉಂಡೆ ಕಟ್ಟಿದರು. ಚಪ್ಪಡಿ ಸರಿಸಿದ ಬೆಳಿಗ್ಗೆ ಜಂಗಮರೂ ನಂಜುಂಡೇಶನೂ ಮಾತ್ರ ಇದ್ದರು. ಕಾಳಯ್ಯನವರು ಕೂರಿಸಿದ ಹಾಗೇ ಕೂತಿದ್ದರು, ಒಣಗಿದ್ದರು, ಕೊಳೆತಿರಲಿಲ್ಲ. ಎದೆಮಟ್ಟ ಹರಡಿದ್ದ ಉಂಡೆಗಳೆಲ್ಲ ಒಂದರ ಮೇಲೊಂದು ಏರಿ ಅವರ ಬಾಯಿಯ ಹತ್ತಿರ ಗುಡ್ಡೆಯಾಗಿದ್ದವು. ಮಣ್ಣು ಜಗ್ಗಿದ್ದಕ್ಕೆ ಜರುಗಿರಬೇಕು ಎಂದರು ಜಂಗಮರು, ನಂಜುಂಡೇಶನ ಮುಖ ನೋಡದೆ. ಗುಂಡುಗಳನ್ನು ಬಾಚಿ ತೆಗೆದು, ನಿಜವಾದ ವಿಭೂತಿ ತುಂಬಿ, ಸಂದಿಲ್ಲದಂತೆ ಮುಚ್ಚಿದರು. ಮಾರನೆಯ ಬೆಳಿಗ್ಗೆ ಊದುಬತ್ತಿಯ ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎರಡು ಮೂಟೆ ಗುಂಡುಗಳನ್ನು ಏನು ಮಾಡುವುದು? ಅಪ್ಪನ ಮೈ ಸೋಕಿದ ವಸ್ತುವನ್ನು ಹಳ್ಳಕ್ಕೆ ಎಸೆಯಲು ಮನಸ್ಸು ಬರಲಿಲ್ಲ. ಫ್ಯಾಕ್ಟರಿಗೆ ಒಯ್ದು ವಿಶ್ವನಾಥ್ ಅವರಿಗೂ ನಿಜ ಹೇಳಿದ. ಅವರು ಬಯ್ಯಲಿಲ್ಲ. ವಿಜ್ಞಾನಿಗಳ ಜಾತಿಬುದ್ಧಿ ತೋರಿಸಿದರು: "ಒಳಗೆ ಎಷ್ಟು ಹಿಡಿದಿದೆ, ಒಂದ್ಸಲ ಬಿಸಿ ಮಾಡಿ ನೋಡೋಣ್ವಾ?"

ಗುಂಡು ಕಾಯಿಸಿದಾಗ ಗಾಳಿ ಯಾವಾಗಲೂ ಒಂದೇ ಸಮ ಬರುತ್ತಿತ್ತು. ಅವತ್ತು ಗಾಳಿ ಅಳೆಯುವ ಗಡಿಯಾರದ ಮುಳ್ಳು ಎರಡು ಸಲ ಗಿಡ್ಡಗೆ ಎದ್ದು, ತಡೆದು, ಉದ್ದಕ್ಕೆ ಎದ್ದಿತು. ಮತ್ತೆ ಹಾಗೇ. ಅದರ ಸಂದಿನಲ್ಲಿ ಇನ್ನೊಂದು, ಸಣ್ಣದು, ಮೆತ್ತಗಿನದು. "ಪಂಪಿನ ದೋಷ," ಎಂದು ವಿಶ್ವನಾಥ್ ಗಾಜಿಗೆ ಬೆರಳಲ್ಲಿ ಕುಟ್ಟಿದರು. ನಂಜುಂಡೇಶ ಕಂಬ ಹಿಡಿದುಕೊಂಡು ನಿಂತಿದ್ದ. ಸಂಜೆಯ ಹೊತ್ತಿಗೆ ಉಕ್ಕಿನ ಡಬ್ಬಿಯ ಆ ಕಡೆ ಸ್ಪಿರಿಟ್ ತೊಟ್ಟಿಕ್ಕಿ ಸೀಸೆ ತುಂಬಿತು.

"ಇಷ್ಟು ಗುಂಡು ಹಿಡಿಯೋದರ ಎರಡರಷ್ಟಿದೆ," ಎಂದರು ಅವರು, ಸೀಸೆಯನ್ನು ಬೆಳಕಿಗೆ ಹಿಡಿದು. "ಹೇಗೆ ಬಂತು ಅಂತ ನನಗೂ ತಿಳೀತಿಲ್ಲ. ತಗೊಂಡು ಹೋಗಿ, ಅಮ್ಮನಿಗೆ ಕೊಡಿ. ದೀಪಕ್ಕೆ ಮಾತ್ರ. ತೀರ್ಥ ಅಂತ ಬಾಯಿಗೆ ಹಾಕಿದ್ರೆ ಕಣ್ಣು ಹೋಗುತ್ತೆ."

ಚನ್ನಾಜಮ್ಮ ಸೀಸೆಯನ್ನು ಎದೆಗವಚಿಕೊಂಡರು. "ಎರಡರಷ್ಟಂತಾ? ಸರಿಯಾಗದೆ. ಅರ್ಧ ನಿಮ್ಮಪ್ಪಂದು, ಅರ್ಧ ನಂದು."

ಶಿವರಾತ್ರಿಯ ಮಧ್ಯಾಹ್ನ ಸಮಾಧಿಯ ಮುಂದೆ ಹಿತ್ತಾಳೆ ದೀಪಕ್ಕೆ ಆ ಎಣ್ಣೆ ಹುಯ್ದು ಬತ್ತಿ ಹಚ್ಚಿದರು. ಬಿಸಿಲಲ್ಲಿ ಉರಿ ಕಾಣಲೇ ಇಲ್ಲ. ಹತ್ತಲಿಲ್ಲ ಎಂದುಕೊಂಡು ನಂಜುಂಡೇಶ ಮತ್ತೆ ಕಡ್ಡಿ ಗೀರಹೋದ.

"ಕೈ ಹಿಡಿದು ನೋಡು," ಎಂದರು ಅವ್ವ.

ಹಿಡಿದ. ಏನೂ ಇಲ್ಲದ ಜಾಗದಲ್ಲಿ ಬಿಸಿಯಿತ್ತು. ಎರಡು ಸಲ ಗಿಡ್ಡಗೆ, ತಡೆದು, ಉದ್ದಕ್ಕೆ, ಅಂಗೈಗೆ ತಾಕಿ ತಾಕಿ ಹೋಗುತ್ತಿತ್ತು. ಅಪ್ಪನ ತಲೆ ನೇವರಿಸಿದ ಹಾಗಾಗಿ ಅವನ ಕಣ್ಣು ತುಂಬಿತು. ಅಷ್ಟರಲ್ಲಿ ಪಕ್ಕದಲ್ಲಿ ಅವ್ವ ಕೆಮ್ಮಿದರು. ತಿರುಗಿ ನೋಡಿದರೆ ತುಟಿ ಮತ್ತೆ ನೀಲಿ. ಒಳ್ಳೆಯ ಗಾಳಿ, ಬಯಲು, ಸಂದು ಮುಚ್ಚಿದೆ. ಆದರೂ ಅವರು ಎದೆ ಹಿಡಿದುಕೊಂಡಿದ್ದರು. ದೀಪದ ಬಿಸಿ ಏರಿದಾಗೆಲ್ಲ ಅವರ ಉಸಿರು ಇಳಿಯುತ್ತಿತ್ತು. ಅವರು ನಗುತ್ತಲೇ ಇದ್ದರು.

"ಇರ್ಲಿ ಬುಡು," ಎಂದರು. "ಉರೀಲಿ. ಇಬ್ಬರೂ ಒಟ್ಟಿಗೆ."

ನಂಜುಂಡೇಶ ಕಾಣದ ಉರಿಯನ್ನು ಬರಿಗೈಯಲ್ಲಿ ಹಿಸುಕಿ ಆರಿಸಿದ. ಅಂಗೈ ಸುಟ್ಟಿತು. ಅವ್ವ ಆಳವಾಗಿ ಒಂದು ಉಸಿರು ಎಳೆದು, ಅವನ ಕಡೆ ಬಹಳ ಬೇಸರದಿಂದ ನೋಡಿದರು.

ಇದಾಗಿ ಮೂರು ವರ್ಷವಾಗುತ್ತ ಬಂತು. ವಿಶ್ವನಾಥ್ ಅವರ ಕೆಲಸ ನಿಂತು ಅವರು ಊರು ಬಿಟ್ಟರು, ಗುಂಡು ಮಾಡುವವರು ಈಗ ಯಾರೂ ಇಲ್ಲ. ಸೀಸೆ ಅಟ್ಟದ ಮೇಲೆ, ಅಪ್ಪನ ಮೂಟೆಗಳಿದ್ದ ಹಲಗೆಯ ಮೇಲೇ ಇದೆ. ಬಿರಡೆ ಬಿಗಿದು, ಮೇಣ ಸುರಿದು, ಅದರ ಮೇಲೆ ಬಟ್ಟೆ ಕಟ್ಟಿದ್ದಾನೆ. ಅಟ್ಟದ ಬಳಿ ಬೆಂಕಿಕಡ್ಡಿ ಒಯ್ಯಬಾರದೆಂದು ರಮ್ಯಾಳಿಗೆ ಹೇಳಿದ್ದಾನೆ, ಯಾಕೆಂದು ಹೇಳಿಲ್ಲ. ಸ್ಪಿರಿಟ್ ಎಂಬುದು ಎಷ್ಟು ಬಿಗಿದರೂ ಆವಿಯಾಗಿ ಆರಿಹೋಗುವ ಪದಾರ್ಥ. ಮೊದಲ ದಿನವೇ ಅವನು ಸೀಸೆಯ ಮೇಲೆ ಎಣ್ಣೆಯ ಮಟ್ಟಕ್ಕೆ ಪೆನ್ನಿನಲ್ಲಿ ಒಂದು ಗೆರೆ ಎಳೆದಿಟ್ಟಿದ್ದ. ಪ್ರತಿ ಅಮಾವಾಸ್ಯೆಗೆ ಹತ್ತಿ ನೋಡುತ್ತಾನೆ. ಈ ಸಲ ಎಣ್ಣೆ ಗೆರೆಯಿಂದ ನಾಲ್ಕು ಬೆರಳು ಕೆಳಗಿತ್ತು.

"ಅಲ್ಲೇನ್ ಮಾಡ್ತಿದ್ದೀಯ ನಂಜುಂಡಾ?" ಎಂದು ಕೆಳಗಿನಿಂದ ಅವ್ವ ಕೂಗಿದರು. ಮಾತಿನ ನಡುವೆ ಎರಡು ಕಡೆ ಉಸಿರು ತೆಗೆದುಕೊಳ್ಳಬೇಕಾಯಿತು.

"ಏನಿಲ್ಲವ್ವಾ," ಎಂದ ನಂಜುಂಡೇಶ. ಸೀಸೆಯ ಬಾಯಿಗೆ ಅಂಗೈ ಒತ್ತಿ ಹಿಡಿದು, ಎಷ್ಟೋ ಹೊತ್ತು ಅಲ್ಲೇ ಕೂತಿದ್ದ.